ಐದನೆಯ ಗಾಲಿ

ಹುಬ್ಬಳ್ಳಿಯ ಗುಜರಿಯಿಂದ ಬಂದ ಡಿಸ್ಕ್ ಬ್ರೇಕಿನ ಜೋಡಿಗೆ ಒಂಬತ್ತು ಸಾವಿರ. ಹೊಸ ಪ್ಯಾಡು, ರಬ್ಬರು, ಪೈಪುಗಳಿಗೆ ನಾಲ್ಕೂವರೆ. ಇವನ್ನು ಮಾತ್ರ ಹಳೆಯವು ತರಬೇಡ ಎಂದು ಮೆಕ್ಯಾನಿಕ್ ಬಾಬಾಜಿ ಮೊದಲೇ ಹೇಳಿದ್ದ. ಮಾಸ್ಟರ್ ಸಿಲಿಂಡರು, ಬೂಸ್ಟರು ಸೇರಿ ಐದೂವರೆ. ಬಾಬಾಜಿಯ ಕೂಲಿ ಮೂರು. ಒಟ್ಟು ಇಪ್ಪತ್ತೆರಡು ಸಾವಿರ. ಈ ಲೆಕ್ಕದಲ್ಲಿ ಗಾಲಿಯ ಹೆಸರೇ ಇರಲಿಲ್ಲ. ಗಾಲಿ ಹೆಂಗೂ ಇದಾವಲ್ಲ ಎಂದುಕೊಂಡಿದ್ದರು.

ಕಾರು ಈರೇಶನದು, ಅವನ ಅಪ್ಪನ ಕಾಲದ ಬಿಳಿ ಅಂಬಾಸಿಡರ್. ಹಳಿಯಾಳದಿಂದ ಉಳವಿಗೆ, ಜೋಯಿಡಾಕ್ಕೆ ಬಾಡಿಗೆ ಹೊಡೆಯುತ್ತಿದ್ದ. ಅವನ ಹೆಂಡತಿ ದಾನೇಶ್ವರಿ ಮನೆಯಲ್ಲೇ ರೊಟ್ಟಿ, ಚಪಾತಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಕಾರಿನ ವಿಷಯಕ್ಕೆ ಅವಳು ಬಾಯಿ ಹಾಕಿದವಳಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಇಬ್ಬರೂ ಕಾರವಾರಕ್ಕೆ ಹೊರಟಾಗ ಅಣಶಿ ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಹಳೆಯ ಬ್ರೇಕ್ ಡ್ರಮ್ಮುಗಳು ಕಾದು ಹಿಡಿತ ಬಿಟ್ಟಿದ್ದವು. ಈರೇಶ ಗೇರು ಇಳಿಸಿ, ಗಾಡಿಯನ್ನು ರಸ್ತೆ ಪಕ್ಕದ ಮಣ್ಣಿನ ದರೆಗೆ ಉಜ್ಜಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವಳಿಗೊಂದು ಚಾಳಿ ಅಂಟಿಕೊಂಡಿತು. ಮುಂದಿನ ಸೀಟಿನಲ್ಲಿ ಕುಳಿತರೆ ಸಾಕು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುವಳು. ಒತ್ತಿ ಒತ್ತಿ ಅವಳ ಕಾಲಬುಡದ ಮ್ಯಾಟು ತೂತು ಬಿದ್ದಿತ್ತು.

ಅಷ್ಟರಲ್ಲಿ ಮದುವೆ ಮೆರವಣಿಗೆಗೆ ಹಳೆಯ ಕಾರು ಬಾಡಿಗೆ ಕೊಡುವವನೊಬ್ಬ ಎಂಬತ್ತು ಸಾವಿರಕ್ಕೆ ಕೇಳಿದ. ಮಾರಿಬಿಡಿ ಎಂದಳು ದಾನೇಶ್ವರಿ. ಈರೇಶ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅವಳೇ ಒಂದು ಒಪ್ಪಂದಕ್ಕೆ ಬಂದಳು.

"ಬ್ರೇಕ್ ಬದಲಿ ಮಾಡಸ್ರಿ. ಆಮ್ಯಾಲ ನನ್ನ ಕುಂದರಿಸಿಕೊಂಡು ಘಟ್ಟ ಇಳಿಸ್ರಿ. ಇಳಿಜಾರಿನಾಗ ನನ್ನ ಕಾಲು ಬ್ರೇಕ್ ಒತ್ತಲಿಲ್ಲಂದ್ರ ಗಾಡಿ ಇರಲಿ. ಒತ್ತಿತಂದ್ರ ಮಾರೂದು."

"ಕಾಲು ನಿಂದು, ಒತ್ತಿತೋ ಇಲ್ಲೋ ಹೇಳಾಕಿನೂ ನೀನ. ಇದ್ಯಾವ ನ್ಯಾಯ?" ಎಂದ ಈರೇಶ.

"ಸುಳ್ಳು ಹೇಳಾಕಿ ಆಗಿದ್ರ ನಿಮ್ಮ ಗಾಡಿ ಚಂದ ಐತಿ ಅಂತಿದ್ದೆ" ಎಂದಳು.

ಬಾಬಾಜಿಯ ಗ್ಯಾರೇಜು ದಾಂಡೇಲಿ ರಸ್ತೆಯ ಮಗ್ಗುಲಿಗೆ, ತಗಡಿನ ಸೂರಿನಡಿ. ಅವನು ಸಿದ್ದಿ ಜನಾಂಗದವನು; ಈರೇಶನ ಜೊತೆ ಶಾಲೆ ಕಲಿತವನು, ಜೊತೆಗೇ ಬಿಟ್ಟವನು. ಮುಂದಿನ ಗಾಲಿಗಳ ಜಾಗಕ್ಕೆ ಡಿಸ್ಕಿನ ತಟ್ಟೆ ಕೂಡಿಸಿದ, ಅದನ್ನು ಇಕ್ಕಳದಂತೆ ಕಚ್ಚುವ ಕ್ಯಾಲಿಪರ್ ಬಿಗಿದ, ಗಾಲಿ ಏರಿಸಿ ನಟ್ಟು ತಿರುವಿದ. ಗಾಲಿ ಅಲ್ಲಾಡಲಿಲ್ಲ. ನಟ್ಟು ಸಡಿಲಿಸಿದರೆ ತಿರುಗುತ್ತದೆ, ಬಿಗಿದರೆ ನಿಲ್ಲುತ್ತದೆ. ಹದಿನೈದು ಇಂಚಿನದೇ ಗಾಲಿ, ಬೋಲ್ಟಿನ ತೂತೂ ಸರಿಯಾಗಿದೆ. ಊಟದ ಡಬ್ಬಿ ತಂದಿದ್ದ ದಾನೇಶ್ವರಿ ನೋಡುತ್ತ ನಿಂತಳು. ಮಾರುವುದು ಸುಲಭವಾಯಿತು ಎಂದು ಸಮಾಧಾನವಾಗಬೇಕಿತ್ತು. ಆದರೆ ಅವಳ ತಲೆಯಲ್ಲಿ ಬೇರೆಯದೇ ಹುಳ ಹೊಕ್ಕಿತ್ತು.

"ತಾಗೂದು ಎಲ್ಲಿ ಅಣ್ಣಾ?"

"ಅದ ಕಾಣವಲ್ದು ವೈನಿ. ಗಾಲಿ ಹಾಕಿದ ಮ್ಯಾಲ ಒಳಗ ಕಣ್ಣ ಹೋಗಂಗಿಲ್ಲ. ತಗದ್ರ ತಾಗಂಗಿಲ್ಲ."

ಅವಳು ಡಬ್ಬಿ ಅಲ್ಲೇ ಇಟ್ಟು ಮನೆಗೆ ಹೋದಳು. ಮರಳಿ ಬಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೋಧಿಯ ಕಣಕವಿತ್ತು. ಜೋಳದ ಹಿಟ್ಟು ಬಿರಿಯುತ್ತದೆ, ಗೋಧಿ ಒತ್ತಿದ ಹಾಗೆ ನಿಲ್ಲುತ್ತದೆ ಎಂದಳು. ಕ್ಯಾಲಿಪರಿನ ಮೈಗೆಲ್ಲ ಕಣಕ ಮೆತ್ತಿ, ಮೇಲೆ ಎಣ್ಣೆ ಸವರಿದಳು. ಗಾಲಿ ಏರಿಸಿ, ನಟ್ಟು ಬಿಗಿದು, ಮತ್ತೆ ಬಿಚ್ಚಿ ನೋಡಿದರು. ಸುತ್ತಲೂ ಕಣಕ ದಪ್ಪಗೇ ಇತ್ತು. ಹೊರಮೈಯ ಹೆಗಲ ಮೇಲೆ ಮಾತ್ರ ಹರಿದು ಕಬ್ಬಿಣ ಹಣಿಕಿ ಹಾಕುತ್ತಿತ್ತು. ಗಾಲಿಯ ಅಳತೆ ಒಂದೇ ಆದರೂ ಹಳೆಯ ರಿಮ್ಮಿನ ಹೊಟ್ಟೆ ಒಳಕ್ಕೆ ಬಾಗಿತ್ತು. ನಟ್ಟು ಬಿಗಿದಾಗ ಅದೇ ಕ್ಯಾಲಿಪರಿಗೆ ತಾಗಿ ಕೂರುತ್ತಿತ್ತು.

ಬಾಬಾಜಿ ಬೆರಳಿನಿಂದ ಆ ತೂತನ್ನು ಮುಟ್ಟಿ ಮುಟ್ಟಿ ನೋಡಿದ. ಈರೇಶನಿಗೆ ಅವಸರ. ಆ ಹೆಗಲನ್ನೇ ಒಂದಿಷ್ಟು ಉಜ್ಜಿ ತೆಗೆದರಾಯಿತಲ್ಲ ಎಂದ.

"ರೊಟ್ಟಿ ಹೊತ್ತತಂತ ಹಂಚು ಕೆತ್ತತಾರೇನ್ರಿ?" ಎಂದಳು ದಾನೇಶ್ವರಿ.

ಬಾಬಾಜಿ ನಕ್ಕರೂ ಮಾತು ಅವಳ ಪರವಾಗಿಯೇ ಆಡಿದ. ಬ್ರೇಕಿನ ಮೈ ಸವೆಸುವುದು ಬೇಡ, ನಡುವೆ ಬಿಲ್ಲೆ ಕೊಟ್ಟು ಗಾಲಿಯನ್ನು ಹೊರಕ್ಕೆ ತಳ್ಳಿದರೆ ನಟ್ಟಿಗೆ ಕಚ್ಚಲು ಬೋಲ್ಟು ಸಾಲುವುದಿಲ್ಲ, ಅದೂ ಬೇಡ. ಡಿಸ್ಕ್ ಬ್ರೇಕು ಬಂದ ಮೇಲಿನ ಅಂಬಾಸಿಡರುಗಳ ರಿಮ್ಮೇ ಆಗಬೇಕು. ಈರೇಶ ಹುಬ್ಬಳ್ಳಿಗೆ ಹೋಗಿ, ಕೂರದಿದ್ದರೆ ಮರಳಿಸುವ ಮಾತಿನ ಮೇಲೆ ಮೊದಲು ಒಂದನ್ನೇ ತಂದ. ಅದನ್ನೂ ಕಣಕದಿಂದ ಪರೀಕ್ಷೆ ಮಾಡಿದರು. ಎಲ್ಲೂ ಹರಿಯಲಿಲ್ಲ, ತೀರ ತೆಳುವಾದ ಕಡೆಯೂ ಎರಡು ಚಪಾತಿಯ ದಪ್ಪ ಉಳಿದಿತ್ತು. ಗುಜರಿಯವನು ಕೊಂಡರೆ ನಾಲ್ಕನ್ನೂ ಕೂಡಿಯೇ ಕೊಳ್ಳಬೇಕು ಎಂದಿದ್ದರಿಂದ ಇನ್ನು ಮೂರು ಬಂದವು. ಲೆಕ್ಕಕ್ಕೆ ನಾಲ್ಕು ಸಾವಿರ ಹೆಚ್ಚಾಯಿತು. ಬಾಬಾಜಿ ಹಿಂದಿನ ಸೀಟಿನಲ್ಲಿ ಸಿಮೆಂಟಿನ ಚೀಲ ಹೇರಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರು ಎಲ್ಲೂ ಉಜ್ಜುವುದಿಲ್ಲವೆಂದು ನೋಡಿದ ಮೇಲೆಯೇ ಕೀಲಿ ಕೊಟ್ಟ.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ದಾಂಡೇಲಿ ದಾಟಿ, ಜೋಯಿಡಾದಲ್ಲಿ ಚಹಾ ಕುಡಿದು, ಅಣಶಿಯನ್ನು ಹಿಂದೆ ಹಾಕಿದರು. ಈರೇಶ ದಾರಿಗಿಂತ ಅವಳ ಕಾಲನ್ನೇ ಹೆಚ್ಚು ನೋಡುತ್ತಿದ್ದ. "ಮುಂದ ನೋಡ್ರಿ, ಕಾಲು ಎಲ್ಲೂ ಓಡಿ ಹೋಗಂಗಿಲ್ಲ" ಎಂದಳು. ಘಟ್ಟದ ಇಳಿಜಾರು ಇನ್ನೇನು ಶುರುವಾಗಬೇಕು, ಎಡಗಡೆಯ ಮುಂದಿನ ಟೈರು ಬುಸ್ಸೆಂದು ಕುಳಿತಿತು. ಮೊಳೆ ಹೊಕ್ಕಿತ್ತು.

ಪಂಕ್ಚರೇನು ದೊಡ್ಡದಲ್ಲ. ಈರೇಶ ಜಾಕು ಕೊಟ್ಟ, ಗಾಲಿ ಬಿಚ್ಚಿದ, ಡಿಕ್ಕಿಯಿಂದ ಸ್ಟೆಪ್ನಿ ತಂದು ಏರಿಸಿ ನಟ್ಟು ಬಿಗಿದ. ಗಾಲಿ ಅಲ್ಲಾಡಲಿಲ್ಲ.

ಅವನು ಕೆಳಗೇ ಕುಳಿತುಬಿಟ್ಟ. ನಾಲ್ಕು ಗಾಲಿ ಬದಲಿಸಿದ್ದರು. ಡಿಕ್ಕಿಯಲ್ಲಿ ಮಲಗಿದ್ದ ಐದನೆಯದು ಮೂವರಿಗೂ ನೆನಪಾಗಿರಲಿಲ್ಲ. ಅದು ಹಳೆಯ ಹೊಟ್ಟೆಯ ರಿಮ್ಮು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ.

"ಹೇಳಿಬಿಡು ಇನ್ನ. ಮಾರೂಣು" ಎಂದ.

ಹೇಳಬಹುದಿತ್ತು. ಅವಳಿಗೆ ಬೇಕಾಗಿದ್ದ ಮಾತನ್ನು ಅವನೇ ಬಾಯಿಗೆ ಇಟ್ಟಿದ್ದ. ಆದರೆ ದಾನೇಶ್ವರಿ ಆಗಲೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಗಾಲಿಯ ಸಂದಿಯಲ್ಲಿ ಬಗ್ಗಿ ನೋಡುತ್ತಿದ್ದಳು. ಅಲ್ಲಿ ತಟ್ಟೆಯೂ ಇಲ್ಲ, ಇಕ್ಕಳವೂ ಇಲ್ಲ. ಹಳೆಯ ಗುಂಡಗಿನ ಡ್ರಮ್ಮು.

"ಏನ್ರೀ, ಇದು ಹಿಂದನೂ ತಾಗ್ತದೇನು?"

ಈರೇಶ ಕುಳಿತಲ್ಲಿಂದಲೇ ಆ ಡ್ರಮ್ಮಿನ ಕಡೆ ಕತ್ತು ಚಾಚಿದ. ಎದ್ದು ನಿಂತ. ಗಾಳಿ ಹೋದ ಗಾಲಿಯನ್ನೇ ಮತ್ತೆ ಮುಂದೆ ಹಾಕಿ ಜಾಕು ಇಳಿಸಿದ. ಹಿಂದೆ ಜಾಕು ಕೊಟ್ಟು ಅಲ್ಲಿಯ ಒಳ್ಳೆಯ ಗಾಲಿ ತೆಗೆದು ಸ್ಟೆಪ್ನಿ ಏರಿಸಿದ. ಅದು ಮೊದಲಿನಿಂದ ಅಲ್ಲಿಯದೇ ಎನ್ನುವ ಹಾಗೆ ಕುಳಿತು ಸಲೀಸಾಗಿ ತಿರುಗಿತು. ಆಮೇಲೆ ಒಳ್ಳೆಯದು ಮುಂದಕ್ಕೆ ಬಂತು. ಕಲ್ಲು ತಂದು ಗಾಲಿಗೆ ಅಡ್ಡ ಕೊಟ್ಟವಳು, ನಟ್ಟುಗಳನ್ನು ಸೆರಗಿನಲ್ಲಿ ಹಿಡಿದವಳು ಅವಳೇ. ಹೊರಡುವ ಮೊದಲು ಒಂದೊಂದು ನಟ್ಟನ್ನೂ ಇನ್ನೊಮ್ಮೆ ಬಿಗಿಸಿದಳು.

ಇಳಿಜಾರು ಶುರುವಾಯಿತು. ಕೆಲಸ ಮಾಡಿದ ದೇಹಕ್ಕೆ ಹಸಿವಾಗಿತ್ತು. ಅವಳು ಚಪ್ಪಲಿ ಬಿಟ್ಟು, ಉದ್ದನೆಯ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಬುತ್ತಿಯ ಗಂಟು ಬಿಚ್ಚಿದಳು. ಆ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಈಗ ಎರಡು ಚಪಾತಿಯ ಸಂದು ಇದೆ ಎಂದು ಅವಳಿಗೆ ಗೊತ್ತಿತ್ತು. ಕಂಡದ್ದರ ಬಗ್ಗೆ ಹೆದರಿಕೆ ಕಡಿಮೆ. ಒಂದು ತಿರುವಿನಾಚೆ ರಸ್ತೆಯ ನಡುವೆ ಕಾಡುಕೋಣವೊಂದು ನಿಂತಿತ್ತು. ಈರೇಶ ಬ್ರೇಕು ತುಳಿದ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ, ನೆಟ್ಟಗೆ ನಿಂತಿತು. ಕೋಣ ಇವರನ್ನು ನೋಡಿತು, ಬೇಸರ ಬಂದವರಂತೆ ಕಾಡಿಗಿಳಿಯಿತು.

ಈರೇಶ ಮೆಲ್ಲಗೆ ಅವಳ ಕಡೆ ತಿರುಗಿದ. ಎರಡೂ ಕಾಲು ಸೀಟಿನ ಮೇಲಿದ್ದವು. ಕೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಒಂದು ಪುಡಿಯೂ ಚೆಲ್ಲಿರಲಿಲ್ಲ.

"ಕಾಲು ಒತ್ತಿತೇನು?" ಎಂದು ಕೇಳಿದ.

ಅವಳು ಕಾಲುಗಳನ್ನೇ ಒಮ್ಮೆ ನೋಡಿಕೊಂಡಳು. "ಮರತಿತ್ತು" ಎಂದಳು.

ಕದ್ರಾದಲ್ಲಿ ಪಂಕ್ಚರ್ ಹಾಕಿಸಿದರು. ಮಾರನೆಯ ದಿನ ಮದುವೆ ಗಾಡಿಯವನಿಗೆ ಇಲ್ಲವೆಂದು ಹೇಳಿದರು. ಎಂಬತ್ತು ಸಾವಿರ ಹೋಯಿತು. ಐದನೆಯ ರಿಮ್ಮಿಗೆ ಇನ್ನೊಂದು ಸಾವಿರ ಬಿತ್ತು. ಕಾರು ಉಳಿಯಿತು. ಮ್ಯಾಟಿನ ತೂತು ಹಾಗೇ ಇದೆ, ಅದಕ್ಕಿಂತ ದೊಡ್ಡದಾಗಿಲ್ಲ.