ನಿಂತ ಮಗ್ಗಗಳು

ವಿಭೂತಿ ಹಚ್ಚಿ ನಿಲೇಶನ ಶವವನ್ನು ಕೂರಿಸಿದ್ದರು. ಗೋಡೆಯ ಗೂಟಕ್ಕೆ ಬಟ್ಟೆ ಬಿಗಿಯುವವರೆಗೆ ವಾಲದಿರಲೆಂದು ಸುವರ್ಣಾ ಗಂಡನ ಬೆನ್ನಿಗೆ ಅಂಗೈ ಕೊಟ್ಟಿದ್ದಳು. ಆಗಲೇ ಕಬನೂರಿನ ಆ ಓಣಿಯ ಕರೆಂಟಿನ ಮಗ್ಗಗಳು ಒಂದೊಂದಾಗಿ ನಿಂತವು.

ಕಾರಖಾನೆಯ ಮಾಲಕ ಬಾಪೂಸಾಹೇಬ ಚಪ್ಪಲಿ ಬಿಟ್ಟು ಒಳಗೆ ಬಂದ. “ನಾಲ್ಕೂ ಕಾರಖಾನಿ ಬಂದ್ ಮಾಡಿಸೇನಿ, ತಂಗಿ. ಮಣ್ಣ ಆಗೂತನಕ ಒಂದ ಮಗ್ಗ ತಿರುಗಂಗಿಲ್ಲ. ಹದಿನೆಂಟ ವರ್ಷ ದುಡದಾನ. ಅಷ್ಟರ ಮಾನ ಬ್ಯಾಡೇನು?”

“ಜೀವಂತ ಇದ್ದಾಗ ಒಂದಿನ ಸೂಟಿ ಕೊಡಲಿಲ್ಲ,” ಎಂದು ನೆರೆಮನೆಯ ಚಂಪಾಬಾಯಿ ಗೊಣಗಿದಳು.

“ಮಾನ ಬ್ಯಾಡ್ರಿ, ಮಾಲಕ್ರ,” ಎಂದಳು ಸುವರ್ಣಾ. “ಚಾಲೂ ಮಾಡಸ್ರಿ.”

“ಏನರ ಮಾತಾಡಾಕತ್ತಾಳ. ಒಂದ ಗುಟುಕ ಚಾ ಕೊಡ್ರಿ ಆಕಿಗೆ,” ಎಂದ ಬಾಪೂಸಾಹೇಬ.

ಮೂಲೆಯಲ್ಲಿ ಅತ್ತೆ ಫಕೀರವ್ವ ಸೆರಗು ಕಚ್ಚಿ ಕೂತಿದ್ದಳು.

*

ಮದುವೆಯಾದ ಹೊಸತು. ಗಡಹಿಂಗ್ಲಜದಲ್ಲಿ ಸುವರ್ಣಾಳ ತವರಿನ ಓಣಿಯಲ್ಲಿ ಮಗ್ಗಗಳೇ ಇರಲಿಲ್ಲ. ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾಗಿದ್ದರು. ನಿಲೇಶ ಕದದ ಹಿಂದೆ ಎರಡೂ ಕೈಯಿಂದ ತಲೆ ಮುಚ್ಚಿ ಕುಕ್ಕರಿಸಿದ್ದ.

“ಮಗ್ಗ ನಿಂತಾವ,” ಎಂದ. “ಅಪ್ಪ ಬರ್ತಾನ.”

ಅಪ್ಪ ಯಲಗೂರಪ್ಪ ಸತ್ತು ಆಗಲೇ ಹದಿನಾಲ್ಕು ವರ್ಷ.

ಕೊಲ್ಹಾಪುರದ ಡಾಕ್ಟರಮ್ಮ ಮರಾಠಿಯಲ್ಲಿ ನಿಧಾನವಾಗಿ ಹೇಳಿದ್ದರು: ಎಳವೆಯಲ್ಲಿ ದಿನವೂ ಹೆದರಿದ ಮಿದುಳು ಕಾವಲು ಕಾಯುವುದನ್ನೇ ಕಲಿತು ಬೆಳೆಯುತ್ತದೆ, ಹೆದರಬೇಡ ಎಂಬ ಬರಿಯ ಮಾತು ಅದಕ್ಕೆ ಸಾಲದು, ಮೈಗೆ ತಿಳಿಯುವಂತೆ ಹೇಳಬೇಕು, ದಿನವೂ ಹೇಳಬೇಕು.

ಸುವರ್ಣಾ ಹೇಳಿದಳು. ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಅವನ ಬೆನ್ನ ಮೇಲೆ ಬೆರಳಿನಿಂದ ಮಗ್ಗ ನಡೆಸಿದಳು, ಖಟಕ್ ಖಟ್, ಖಟಕ್ ಖಟ್. ನಾಲ್ಕನೆಯ ವರ್ಷ ಒಮ್ಮೆ ಊಟದ ನಡುವೆ ಓಣಿ ಸ್ತಬ್ಧವಾಯಿತು. ನಿಲೇಶ ತಟ್ಟೆ ಮುಂದೆ ಚಾಚಿ, “ಇನ್ನೊಂದ ಭಾಕ್ರಿ ಹಾಕ,” ಎಂದ.

ಆದರೆ ಆಗಲೂ ಅವಳ ಕೈ ಅವನ ಬೆನ್ನ ಮೇಲಿರಬೇಕಿತ್ತು.

*

“ಹೊತ್ತಾತು. ಕೈ ತಗಿಯವಾ,” ಎಂದರು ಎತ್ತಲು ಬಂದವರು. ಹೊರಗೆ ಹೂ ಕಟ್ಟಿದ ಕುರ್ಚಿ ಸಿದ್ಧವಿತ್ತು.

ಸುವರ್ಣಾಳ ಬೆರಳು ತಣ್ಣನೆಯ ಬೆನ್ನ ಮೇಲೆ ಬಡಿಯುತ್ತಲೇ ಇತ್ತು. “ಹಿಂಗ ಸುಮ್ಮನ ಒಯ್ದ್ರ ಅವರು ಹೆದರ್ತಾರ್ರಿ.”

“ಸತ್ತವರು ಹೆದರ್ತಾರೇನ, ಹುಚ್ಚಿ?” ಎಂದಳು ಚಂಪಾಬಾಯಿ.

ಫಕೀರವ್ವ ಗೋಡೆ ಹಿಡಿದು ಎದ್ದಳು. ಈ ಮನೆಯಲ್ಲಿ ಸತ್ತ ಗಂಡನ ಮಾತು ಅವಳು ಒಮ್ಮೆಯೂ ಎತ್ತಿರಲಿಲ್ಲ.

“ಬಾಪೂಸಾಹೇಬ್ರ, ಲೈಟ್ ಹೋಗಿ ಮಗ್ಗ ನಿಂತ್ರ ನನ್ನ ಗಂಡ ಮನಿಗೆ ಬರ್ತಿದ್ದ. ಈ ಕೂಸು ಕದದ ಹಿಂದ ಅಡಗಿರ್ತಿತ್ತು. ಅಂವ ಸೊಂಟದ ಪಟ್ಟಾ ಬಿಚ್ಚಿ ಬಾಗಲಾ ಬಡೀತಿದ್ದ.” ಉಸಿರು ಎಳೆದುಕೊಂಡಳು. “ನಾನ ಎದ್ದು ಚಿಲಕ ತಗೀತಿದ್ದೆ.”

ಬಾಪೂಸಾಹೇಬ ಫೋನು ತೆಗೆದು ಕಾರಖಾನೆಗೆ ಹಚ್ಚಿದ. “ಪ್ರತೀಕ, ಮಗ್ಗ ಚಾಲೂ ಕರ. ಸಗಳೇ. ಎಲ್ಲಾ ಅಂದೆ.”

ಮೊದಲು ಒಂದು ಮಗ್ಗ, ಆಮೇಲೆ ಹತ್ತು, ಆಮೇಲೆ ಇಡೀ ಓಣಿ. ನೆಲ ನಡುಗಿತು. ಸುವರ್ಣಾ ಕೈ ತೆಗೆದಳು.

ಗಂಡಸರು ಅವನನ್ನು ಹೊತ್ತು ತಿರುವು ದಾಟುವವರೆಗೆ ಫಕೀರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಬಾಗಿಲು ಹಾಕಿ, ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ಕೂತಳು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಯಾರೋ ಬಾಗಿಲು ಬಡಿದರು. ಈ ಸಲ ಅವಳು ಏಳಲಿಲ್ಲ.