ಹನ್ನೊಂದು ಹೆಸರು

ಹೆಸರು ತೆಗೆದು ನಂಬರು ಹಾಕಿ ಅಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಆದರೆ ನಿಜ ಹೇಳಬೇಕೆಂದರೆ, ಮೊದಲು ನಂಬರು ಹಾಕಿದವಳು ಸಮಾಜಶಾಸ್ತ್ರದ ಪ್ರೊಫೆಸರ್ ಚಂದ್ರಮತಿಯೇ.

ಚೆನ್ನೈನ ಉಡುಪಿ ಹೋಟೆಲುಗಳಲ್ಲಿ ಜೀವಮಾನವಿಡೀ ಮೇಜು ಒರೆಸಿ, ಎಂಜಲು ತಟ್ಟೆ ಎತ್ತಿ, ಜಾತಿಯ ಕಾರಣಕ್ಕೆ ಅಡುಗೆಮನೆಯ ಹೊಸ್ತಿಲು ಮಾತ್ರ ಒಂದು ದಿನವೂ ದಾಟದೆ ಉಳಿದ ಹನ್ನೊಂದು ಮಂದಿಯನ್ನು ಹುಡುಕಿ ಮಾತಾಡಿಸಿ ಅವಳು ಲೇಖನ ಬರೆದಿದ್ದಳು. ಮಾತಾಡಿದವರಿಗೆ ತೊಂದರೆಯಾಗದಿರಲೆಂದು ಹೆಸರು ಮರೆಮಾಚುವುದು ಸಂಶೋಧನೆಯ ರೂಢಿ. ಅವಳೂ ಎಲ್ಲರಿಗೂ ಒಂದೊಂದು ಅಂಕಿ ಕೊಟ್ಟಳು. ಆ ಹನ್ನೊಂದರಲ್ಲಿ ಅವಳ ಅಪ್ಪ ಕಾಂತಪ್ಪನೂ ಒಬ್ಬ. ಕೆಲಸಗಾರ ಏಳು. ಕ್ರೋಂಪೇಟೆಯ ಮನೆಯಲ್ಲಿ ಅದನ್ನು ಓದಿ ಹೇಳಿದಾಗ ಮುದುಕ ಕೆರಳಿಬಿಟ್ಟ.

“ನಲವತ್ತು ವರ್ಷ ಎಲ್ಲರೂ ನನ್ನನ್ನು ‘ಏಯ್ ಟೇಬಲ್’ ಅಂತ ಕರೆದರು ಮಗಾ. ಈಗ ಕಾಲೇಜು ಕಲಿತ ಮಗಳು ನಂಬ್ರ ಕೊಟ್ಟಳು. ಇದೆಂತ, ಪ್ರಮೋಶನ್ನಾ?”

ಚಂದ್ರಮತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮರುವಾರವೇ ಹನ್ನೊಂದು ಮನೆ ತಿರುಗಿ, ‘ನನ್ನ ಹೆಸರೇ ಹಾಕಿ’ ಎಂದು ಎಲ್ಲರಿಂದಲೂ ಬರೆಸಿಕೊಂಡು ಬಂದು, ಲೇಖನದಲ್ಲಿ ಅಂಕಿ ತೆಗೆದು ಹೆಸರು ಹಾಕಿದಳು. ಎಣ್ಣೂರಿನ ಒಬ್ಬನಂತೂ ಹೆಸರಿನ ಜೊತೆಗೆ ಹುಟ್ಟಿದೂರು, ತಾಯಿಯ ಹೆಸರು ಎಲ್ಲ ಸೇರಿಸಿದ್ದ.

ವಿಶ್ವವಿದ್ಯಾಲಯದ ಸಂಪುಟಕ್ಕೆ ಯಾವ ಲೇಖನ ಸೇರಬೇಕೆಂದು ತೀರ್ಮಾನಿಸುವುದು ನಾಲ್ವರ ಸಮಿತಿ. ಅದರ ಅಧ್ಯಕ್ಷರು ಇತಿಹಾಸದ ಪ್ರೊಫೆಸರ್ ಮಧ್ವರಾಜ. ಮೂರು ತಲೆಮಾರಿನಿಂದ ಮದರಾಸಿನವರು, ಇಲ್ಲಿನ ಹೋಟೆಲು ಮಾಲೀಕರ ಮೇಲೆ ಪುಸ್ತಕ ಬರೆದವರು. ಅಯ್ಯೋ, ಆ ಪುಸ್ತಕವೋ! ಎತ್ತಿ ಹೊಡೆದರೆ ಆಳು ಬೀಳಬೇಕು, ಅಷ್ಟು ದಪ್ಪ. ಚಂದ್ರಮತಿಯನ್ನು ಕರೆಸಿದ ಸಭೆ ಇಂಗ್ಲಿಷಿನಲ್ಲೇ ಶುರುವಾಯಿತು. ಜಗಳಕ್ಕೆ ಬಂದಾಗ ಇಬ್ಬರೂ ಕನ್ನಡಕ್ಕಿಳಿದರು. ಕನ್ನಡ ಅಷ್ಟಾಗಿ ಬಾರದ ಉಳಿದ ಮೂವರು ಕಾಫಿ ನೋಡುತ್ತಾ ಕೂತರು.

“ಕೋಪ ಮಾಡ್ಕೋಬೇಡಮ್ಮಾ. ನಂಬರ್ ಹಾಕೋದು ರೂಲ್ ದಾನೇ? ಹೆಸರು ಹಾಕಿದ್ರೆ ಯಾವ ಹೋಟೆಲ್ ಅಂತ ತಿಳಿಯತ್ತೆ, ಓನರ್ ಮನೆಯವರಿಗೆ ಬೇಜಾರಾಗತ್ತೆ. ಅದರಲ್ಲಿ ನಿಮ್ಮಪ್ಪ ಬೇರೆ! ಇದನ್ನ ಯಾರು ಸಂಶೋಧನೆ ಅಂತಾರೆ?” ಎಂದರು ಮಧ್ವರಾಜರು, ತಮಿಳು ಬೆರೆತ ಕನ್ನಡದಲ್ಲಿ.

“ನಿಮ್ಮ ಪುಸ್ತಕದಲ್ಲಿ ನಿಮ್ಮ ಅಜ್ಜ ಇಲ್ವಾ ಸರ್? ಪುಟ ತುಂಬ ಫೋಟೋ, ಜರಿ ಪೇಟ, ಗೋತ್ರ ಸಮೇತ!”

“ಅವರು ಹೋಟೆಲ್ ಕಟ್ಟಿದವರಮ್ಮಾ.”

“ಪುರಾಣ ಹೇಳ್ಳಿಕ್ಕೆ, ಬದನೆಕಾಯಿ ತಿನ್ಲಿಕ್ಕೆ ಅಂದ ಹಾಗಾಯ್ತಲ್ಲ! ರೂಲು ಎಲ್ಲರಿಗೂ ಒಂದೇ ಇರ್ಲಿ ಸರ್. ಮುಂದಿನ ಮುದ್ರಣದಲ್ಲಿ ನಿಮ್ಮ ಅಜ್ಜನನ್ನು ‘ಮಾಲೀಕ ಮೂರು’ ಅಂತ ಮಾಡಿ. ಆವಾಗ ನನ್ನಪ್ಪನೂ ಏಳಾಗಿ ಇರ್ತಾರೆ. ಆಗ್ಬಹುದಾ?”

ಮೂವರಲ್ಲಿ ಯಾರಿಗೋ ಅರ್ಥವಾಗಿರಬೇಕು, ಕೆಮ್ಮಿದಂತೆ ನಕ್ಕರು. ಮಧ್ವರಾಜರ ಮುಖ ಕೆಂಪೇರಿತು.

“ಹಾಗಿದ್ರೆ ಲೇಖನ ವಾಪಸ್ ತಗೋ.”

ಚಂದ್ರಮತಿ ಲೇಖನದ ಕಟ್ಟಿನತ್ತ ನೋಡಿದಳು. ಆರು ವರ್ಷದ ಕೆಲಸ. ಹನ್ನೊಂದರಲ್ಲಿ ಇಬ್ಬರು ಬರೆದುಕೊಟ್ಟ ಮೇಲೆ ತೀರಿಕೊಂಡಿದ್ದರು; ಉಳಿದವರೂ ಇನ್ನೊಂದು ಸಂಪುಟಕ್ಕೆ ಕಾಯುವ ಪ್ರಾಯದವರಲ್ಲ. ಆದರೆ ಇಲ್ಲಿ ತಗ್ಗಿದರೆ ಅಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಥೂ, ಸಾಕು ಈ ವಿನಯ ಎನಿಸಿತು ಅವಳಿಗೆ.

“ನಾನು ವಾಪಸ್ ತಗೊಳ್ಳುದಿಲ್ಲ. ಬೇಡವಾದ್ರೆ ನೀವೇ ತೆಗೀರಿ.” ಒಂದು ಖಾಲಿ ಹಾಳೆಯನ್ನು ಅವರ ಮುಂದೆ ತಳ್ಳಿದಳು. “ಯಾಕೆ ತೆಗೆದದ್ದು ಅಂತ ಒಂದು ಸಾಲು ಬರೆದು, ಕೆಳಗೆ ನಾಲ್ಕೂ ಜನ ಪೂರ್ತಿ ಹೆಸರು ಬರೆದು ಸಹಿ ಹಾಕಿ. ಹನ್ನೊಂದು ಮನೆಗೂ ಅದನ್ನು ನಾನೇ ಕೊಟ್ಟು ಬರ್ತೇನೆ.”

ಎಲ್ಲರಿಗೂ ತಿಳಿಯಲೆಂದು ಅದನ್ನೇ ತಮಿಳಿನಲ್ಲಿ, ಇನ್ನೂ ಜೋರಾಗಿ ಹೇಳಿದಳು.

ಹಾಳೆ ಒಬ್ಬರಿಂದ ಒಬ್ಬರಿಗೆ ದಾಟಿ ಮಧ್ವರಾಜರ ಬಳಿಗೇ ತಿರುಗಿ ಬಂತು. ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಹೆಸರೆಲ್ಲ ಯಾಕಮ್ಮಾ? ‘ಸಮಿತಿ’ ಅಂತ ಹಾಕಿದ್ರೆ ಸಾಲದಾ?”

“ಸಾಲದು ಸರ್. ನೋಡಿ, ಈಗ ನಿಮಗೂ ಹೆಸರು ಹಾಕ್ಲಿಕ್ಕೆ ಹೆದರಿಕೆ. ಆ ಹನ್ನೊಂದು ಜನಕ್ಕೆ ಇರ್ಲಿಲ್ಲ.”

ಮಧ್ವರಾಜರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹಾಳೆಯ ಮೇಲೆ ಒಬ್ಬರೂ ಸಹಿ ಹಾಕಲಿಲ್ಲ. ಹನ್ನೊಂದು ಹೆಸರೂ ಹಾಗೆಯೇ ಅಚ್ಚಿಗೆ ಹೋದವು.