ಇನ್ನೂರ ಹದಿನಾಲ್ಕು ದಿನ

"ಅವ್ರು ಹೋಗಿ ನಾಕ್ ತಿಂಗ್ಳಾಯ್ತಲ್ಲಮ್ಮ," ಎಂದಳು ದೊಡ್ಡರಂಗಯ್ಯನ ಹೆಂಡತಿ ಕೆಂಚಮ್ಮ, ಸೆರಗಿನಿಂದ ಕುರ್ಚಿ ಒರೆಸುತ್ತ.

ಮಹಜಬೀನ್ ಕೂರಲಿಲ್ಲ. ಟ್ಯಾಬ್ ನೋಡಿದಳು. ದೊಡ್ಡರಂಗಯ್ಯ, ಪುರವರ. ಕುಡಿಯದೆ ಇನ್ನೂರ ಹದಿನಾಲ್ಕು ದಿನ. ನಿನ್ನೆ ಸಂಜೆಯ ಕರೆಗೂ ಉತ್ತರ ಬಂದಿತ್ತು. ಫೋನಿನಲ್ಲೇ ಕುಡಿತ ಬಿಡಿಸುವ ಅವಳ ಸಂಸ್ಥೆಯ ಪಟ್ಟಿಯಲ್ಲಿ ಇವನದೇ ಮೊದಲ ಹೆಸರು. ಇವನ ಫೋಟೋ ತರಲೆಂದೇ ಅವಳು ಶಿರಾದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

"ಹಾಗಾದ್ರೆ ಉತ್ತರ ಕೊಡ್ತಿರೋದು?"

"ನಾನೇ ಕಣಮ್ಮ. ಸುಳ್ಳೇನ್ ಒತ್ತಿಲ್ಲ. ಕುಡುದ್ರಾ ಅಂತ ಕೇಳ್ತೈತೆ, ಇಲ್ಲ ಅಂತ ಒತ್ತೀನಿ. ಅವ್ರು ಕುಡ್ದಿಲ್ವಲ್ಲ?"

"ಕುಡಿತದಿಂದಲೇ ಹೋದ್ರಾ?"

"ಊಹ್ಞೂಂ. ಬುಟ್ಟೇಬುಟ್ಟಿದ್ರು. ಮೂರು ತಿಂಗ್ಳು ಮನುಸ್ರಂಗಿದ್ರು. ಒಂದಿನ ಹೊಲ್ದಾಗೆ ಎದೆ ಹಿಡ್ಕಂಡು ಕುಂತೋರು ಏಳ್ಲೇ ಇಲ್ಲ."

ಹೆಸರು ತೆಗೆಯಬೇಕಾಗುತ್ತದೆ ಎಂದಳು ಮಹಜಬೀನ್. ಕೆಂಚಮ್ಮ ಫೋನನ್ನು ಮಡಿಲಿಗೆ ಎಳೆದುಕೊಂಡಳು.

"ಬ್ಯಾಡ ಕಣಮ್ಮ. ಉಂಡ್ರಾ, ನಿದ್ದೆ ಬಂತಾ ಅಂತ ದಿನಾ ಕೇಳ್ತಾಳೆ ಆಯಮ್ಮ. ಹೇಳ್ದೆ ಕೇಳ್ದೆ ಬುಟ್ರೆ ಏನ್ ತಿಳ್ಕಂತಾಳೆ?"

ಆಯಮ್ಮ ಮಹಜಬೀನಳೇ. ಮನಃಶಾಸ್ತ್ರದ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ವಾರದಲ್ಲೇ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ದನಿ ಮುದ್ರಿಸಿಕೊಂಡಿದ್ದರು. "ಇನ್ನೂ ಸ್ವಲ್ಪ ಕನಿಕರ ಇರಲಿ ಮೇಡಂ," ಎಂದಿದ್ದ ಯಂತ್ರದ ಮುಂದಿದ್ದವನು. ನಾಲ್ಕನೇ ಸಲಕ್ಕೆ ಸರಿಯಾಯಿತು. ಆ ಪ್ರಶ್ನೆಗಳನ್ನು ಆಮೇಲೆ ಅವಳು ಯಾರನ್ನೂ ಕೇಳಿರಲಿಲ್ಲ, ಗಂಡ ಸುಹೇಲನನ್ನೂ. ಅವನೂ ಅವಳನ್ನು ಕೇಳಿರಲಿಲ್ಲ.

"ಅದು ನನ್ನ ದನಿ," ಎಂದಳು ಮಹಜಬೀನ್.

ಕೆಂಚಮ್ಮ ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು, ನೋಯಿಸಬಾರದೆಂಬಂತೆ.

"ನೀವ್ಯಾಕಾಯ್ತೀರಿ, ಬುಡಿ. ಆಯಮ್ಮನ ದನೀಲಿ ಕನಿಕರ ಐತೆ."

ಮೇಲಧಿಕಾರಿ ಕಿರಣ್ ಕುಮಾರ್ ಫೋನ್ ಮಾಡಿದ. "ಫೋಟೋ ಆಯ್ತಾ ಮೇಡಂ?"

"ಅವ್ರು ಮನೇಲಿಲ್ಲ."

"ಯಾವಾಗ ಬರ್ತಾರಂತೆ?"

"ಗೊತ್ತಿಲ್ಲ ಸರ್."

ಹೊರಡಬಹುದಿತ್ತು. ಅವಳು ಒರೆಸಿಟ್ಟ ಕುರ್ಚಿಯಲ್ಲಿ ಕೂತಳು. ಐದಕ್ಕೆ ಸರಿಯಾಗಿ ಕೆಂಚಮ್ಮನ ಮಡಿಲಲ್ಲಿ ಫೋನು ನಡುಗಿತು. "ನಮಸ್ಕಾರ ದೊಡ್ಡರಂಗಯ್ಯನವರೇ," ಎಂದಿತು ದನಿ, ತುಂಬ ಹತ್ತಿರದಿಂದ. ಮಹಜಬೀನ್ ಏನೋ ಹೇಳಹೋದಳು.

"ಸುಮ್ನಿರಮ್ಮ, ಮಾತಾಡ್ತಾವ್ಳೆ."

ದನಿ ಒಂದೊಂದಾಗಿ ಕೇಳಿತು. ಕೆಂಚಮ್ಮ ಒತ್ತಿದಳು.

"ಈಗ ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ? ಇದ್ದರೆ ಒಂದು, ಇಲ್ಲದಿದ್ದರೆ ಎರಡು ಒತ್ತಿ."

ಕೆಂಚಮ್ಮ ಎದುರಿನ ಕುರ್ಚಿಯತ್ತ ಒಮ್ಮೆ ನೋಡಿ, ಎರಡು ಒತ್ತಿದಳು.

"ಚಿಂತೆ ಬೇಡ. ನಾನಿದ್ದೇನೆ," ಎಂದಿತು ದನಿ. ಕೆಂಚಮ್ಮ ತಲೆದೂಗಿದಳು. ಮಹಜಬೀನಳ ತುಟಿಗಳು ಆ ಮಾತಿನ ಜೊತೆಜೊತೆಗೇ ಅಲುಗಾಡುತ್ತಿದ್ದವು. ಸದ್ದು ಮಾತ್ರ ಹೊರಡಲಿಲ್ಲ.